ಅಬು ಸಿಂಬೆಲ್‌ಗೆ ಹೋಗಿ ಬಂದೆ

ಈಜಿಪ್ಟಿನ ಅಸ್ವಾನ್‌ನಿಂದ ಬೆಳಗಿನ ಜಾವ ವ್ಯಾನ್ ಹತ್ತಿ, ಹೋಟೆಲಿನವರು ಕಟ್ಟಿಕೊಟ್ಟ ಬ್ರೆಡ್ ತಿನ್ನುತ್ತಾ ಸುಮಾರು 280 ಕಿ.ಮೀ. ಮರಳುಗಾಡು ದಾಟಿದ್ದು ಅಬು ಸಿಂಬೆಲ್‌ನ ಬಂಡೆಗುಡಿಗಳನ್ನು ನೋಡೋದಕ್ಕೇ. ಪ್ರಾಚೀನ ಈಜಿಪ್ಟಿನ ರಾಜ ಇಮ್ಮಡಿ ರಾಮ್ಸೆಸ್ ತನ್ನದೇ ನಾಲ್ಕು ಮೂರ್ತಿಗಳನ್ನು ಬಂಡೆಯಲ್ಲಿ ಕೆತ್ತಿಸಿದ್ದಾನೆ, ಒಂದೊಂದೂ ಸುಮಾರು 20 ಮೀಟರ್. ಒಂದರ ತಲೆ ಮುರಿದು ಕಾಲ ಬಳಿಯೇ ಬಿದ್ದಿದೆ. ಎತ್ತಿ ಕೂರಿಸಿಲ್ಲ, ಒಳ್ಳೆಯದೇ ಆಯ್ತು. ಗೈಡ್‌ಗಳು ಒಳಗೆ ವಿವರಣೆ ಕೊಡುವಂತಿಲ್ಲ, ಹಾಗಾಗಿ ನಮ್ಮವನು ಹೊರಗೇ ನಿಲ್ಲಿಸಿ ರಾಮ್ಸೆಸ್ ಹೋರಾಡಿದ ಕಾದೇಶ್ ಯುದ್ಧದ ಕತೆಯನ್ನೆಲ್ಲ ಹೇಳಿ ಮುಗಿಸಿ, ಹೋಗಿ ನೋಡ್ಕೊಂಡು ಬನ್ನಿ ಅಂದ.

ನನಗೆ ಜಾಸ್ತಿ ಹಿಡಿಸಿದ್ದು ಬೇರೆ. ಅಸ್ವಾನ್‌ನಲ್ಲಿ ಆಗ ಕಟ್ಟುತ್ತಿದ್ದ ಅಣೆಕಟ್ಟಿನ ನೀರಲ್ಲಿ ಮುಳುಗಬೇಕಿದ್ದ ಈ ಗುಡಿಗಳನ್ನು 1964ರಿಂದ 1968ರವರೆಗೆ ಗರಗಸದಿಂದ ಕೊಯ್ದು, ಸುಮಾರು 65 ಮೀಟರ್ ಮೇಲೆ ತಂದು ಜೋಡಿಸಿದ್ದಾರೆ. ಹಿಂದಿನ ಗುಡ್ಡವೂ ಮನುಷ್ಯರೇ ಮಾಡಿದ್ದು, ಒಳಗಿರುವುದು ಕಾಂಕ್ರೀಟ್ ಗುಮ್ಮಟ! ಹತ್ತಿರ ಹೋಗಿ ಕಣ್ಣು ಕಿರಿದು ಮಾಡಿ ನೋಡಿದರೆ ಅಲ್ಲಲ್ಲಿ ಕೊಯ್ದ ಗೆರೆ ಕಾಣುತ್ತದೆ. ಹಾಗಾದ್ರೆ ನಾನು ನೋಡಿದ್ದು 3,200 ವರ್ಷದ ಗುಡಿಯೋ, ಅಪ್ಪನ ಕಾಲದ ಕಟ್ಟಡವೋ? ಎರಡೂ ಅಂತಲೇ ಇಟ್ಟುಕೊಂಡೆ.

ಪಕ್ಕದಲ್ಲಿ ರಾಣಿ ನೆಫರ್ಟಾರಿಯ ಚಿಕ್ಕ ಗುಡಿ. ಅಲ್ಲಿ ಅವಳ ಮೂರ್ತಿಯೂ ರಾಜನಷ್ಟೇ ಎತ್ತರ. ನಮ್ಮ ವ್ಯಾನಿನವರು ಅದನ್ನು ಸುಮ್ನೆ ಒಂದು ಸುತ್ತು ಹಾಕಿ ಟೀ ಅಂಗಡಿಗೆ ಓಡಿದರು. ನೀವು ಹೋದರೆ ಮೊದಲು ಅಲ್ಲಿಗೇ ಹೋಗಿ, ನೂಕುನುಗ್ಗಲು ಕಮ್ಮಿ.