ಮೆಸ್ಸಿನ ಬೂಸಾ

ಮೆಸ್ ಬಿಲ್ ಹಚ್ಚಿದ್ದ ನೋಟಿಸ್ ಬೋರ್ಡಿನ ಮುಂದೆ ಅವತ್ತು ಜಾತ್ರೆಯೋ ಜಾತ್ರೆ. ಹಿಂದಿನ ತಿಂಗಳು 1,350 ರೂಪಾಯಿ ಇದ್ದದ್ದು ಒಮ್ಮೆಲೇ 1,820 ಆಗಿತ್ತು. ನಮ್ಮದು ಡಿವೈಡಿಂಗ್ ಸಿಸ್ಟಂ. ತಿಂಗಳ ಒಟ್ಟು ಖರ್ಚನ್ನು ಉಂಡವರ ತಲೆಗೆ ಹಂಚುತ್ತಾರೆ. ಪುಸ್ತಕದಲ್ಲಿ ಹೆಸರಿಲ್ಲದವರು ಬಂದು ಉಂಡರೆ ಆ ಹೊರೆಯೂ ನಮ್ಮ ತಲೆಗೇ. ಹಾಗೆ ಉಂಡು ಹೋಗುವವರು ಯಾರು ಅಂತ ಅಡುಗೆಯವರಿಗೂ ಗೊತ್ತಿತ್ತು, ನಮಗೂ ಗೊತ್ತಿತ್ತು.

ಇದು 2006ರ ಮಾತು. ಎಂ.ಎ. ಮೊದಲ ವರ್ಷ, ಸ್ಕಾಲರ್‌ಶಿಪ್ ಇನ್ನೂ ಬಂದಿರಲಿಲ್ಲ. ಅದೇ ವಾರ ಮೇಷ್ಟ್ರು ಕ್ಲಾಸಿನಲ್ಲಿ ಬೂಸಾ ಪ್ರಕರಣದ ಕತೆ ಹೇಳಿದ್ದರು. 1973ರ ನವೆಂಬರಿನಲ್ಲಿ ಮೈಸೂರಿನಲ್ಲಿ ಸಚಿವ ಬಿ. ಬಸವಲಿಂಗಪ್ಪನವರು ಕನ್ನಡ ಸಾಹಿತ್ಯದಲ್ಲಿ ಬಹುಪಾಲು ಬೂಸಾ ಅಂದದ್ದು, ಗಲಾಟೆ ಎದ್ದು ಮಂತ್ರಿಗಿರಿಯನ್ನೇ ಬಿಡಬೇಕಾಗಿ ಬಂದದ್ದು, ಕುವೆಂಪು ಬಸವಲಿಂಗಪ್ಪನವರ ಪರ ನಿಂತದ್ದು. ನನಗೆ ನಾಟಿದ್ದು ಬೇರೆ ಸಂಗತಿ. ಅವರ ಬಾಯಿ ಮುಚ್ಚಿಸಲು ಬೀದಿಗಿಳಿದವರಲ್ಲಿ ವಿದ್ಯಾರ್ಥಿಗಳೇ ಮುಂದಿದ್ದರಂತೆ. ಏಟು ತಿಂದವರೂ ವಿದ್ಯಾರ್ಥಿಗಳೇ, ದಲಿತ ಹುಡುಗರು.

ಆ ಪದ ನಾಲಿಗೆಯ ಮೇಲೇ ಇತ್ತು. ನಮ್ಮ ಭಿತ್ತಿಪತ್ರಿಕೆಗೆ 'ಮೆಸ್ಸಿನ ಬೂಸಾ' ಅಂತ ತಲೆಬರಹ ಕೊಟ್ಟು, ಎರಡು ತಿಂಗಳ ಲೆಕ್ಕವನ್ನು ಅಕ್ಕಪಕ್ಕ ಬರೆದು, ಹೆಚ್ಚಾದ 470 ರೂಪಾಯಿ ಎಲ್ಲಿ ಹೋಯಿತು ಅಂತ ಕೇಳಿದೆ. ಯಾರ ಹೆಸರನ್ನೂ ಹಾಕಿರಲಿಲ್ಲ. ಸಂಜೆಯೊಳಗೆ ಅದು ಗೋಡೆಯಿಂದ ಮಾಯ. ಕಿತ್ತವನು ವಾರ್ಡನ್ ಅಲ್ಲ, ನಮ್ಮ ಸಾಲಿನ ರೂಮಿನವನೇ, ಮೆಸ್ ಸೆಕ್ರೆಟರಿ. ಬಸವಲಿಂಗಪ್ಪನವರ ಕತೆಯನ್ನು ಅವನೂ ನನ್ನ ಹಿಂದಿನ ಬೆಂಚಿನಲ್ಲೇ ಕೂತು ಕೇಳಿದ್ದ!

ನಾಲ್ಕನೇ ದಿನ ಅಪ್ಪ ಬಂದರು. ಊರಿಗೆ ಫೋನ್ ಹೋಗಿತ್ತು. ರಾಗಿ ಕೊಯ್ಲು ಬಿಟ್ಟು ಎರಡು ಬಸ್ ಬದಲಾಯಿಸಿ ಬಂದವರು, ಚಪ್ಪಲಿಯನ್ನು ಆಫೀಸಿನ ಬಾಗಿಲಲ್ಲೇ ಬಿಟ್ಟು ಒಳಗೆ ಹೋದರು. ಮೇಜಿನ ಮೇಲೆ ಟೈಪ್ ಮಾಡಿದ ಮುಚ್ಚಳಿಕೆ ಸಿದ್ಧವಿತ್ತು. ಹಾಸ್ಟೆಲಿನ ಮರ್ಯಾದೆಗೆ ಕುಂದು ತರುವಂಥದ್ದನ್ನು ಬರೆಯುವುದಿಲ್ಲ, ಅಂಟಿಸುವುದಿಲ್ಲ, ಬರೆಯುವವರ ಜೊತೆ ಸೇರುವುದಿಲ್ಲ. ಕೆಳಗೆ ನನ್ನ ಸಹಿಗೊಂದು ಗೆರೆ, ಪೋಷಕರ ಸಹಿಗೊಂದು ಗೆರೆ.

ಅಪ್ಪನಿಗೆ ಓದು ಬಾರದು. ಲೆಕ್ಕ ಮಾತ್ರ ಬೆರಳ ತುದಿಯಲ್ಲಿ. "ಇವ್ನು ಬರ್ದಿದ್ದೇನ್ ಸ್ವಾಮಿ?" ಅಂದರು. ವಾರ್ಡನ್ ಮುಚ್ಚಳಿಕೆ ಓದಲು ಶುರು ಮಾಡಿದರು. "ಇದಲ್ಲ ಸ್ವಾಮಿ, ಗೋಡೆ ಮ್ಯಾಲಿನ್ದು."

ಗೋಡೆಯಿಂದ ಕಿತ್ತ ಹಾಳೆಯನ್ನು ವಾರ್ಡನ್ ಕಡತದಿಂದ ತೆಗೆದು ನನ್ನ ಕೈಗೇ ಕೊಟ್ಟರು. ಓದಿದೆ. ನನ್ನದೇ ಬರಹ ಓದುವಾಗ ದನಿ ಅಷ್ಟು ನಡುಗಿದ್ದು ಹಿಂದೆಂದೂ ಇಲ್ಲ.

"ಲೆಕ್ಕ ಸುಳ್ಳಾಗಿದ್ರೆ ನಾನೇ ಕಪಾಳಕ್ಕೆ ಎರಡು ಬಿಡ್ತೀನಿ," ಅಂದರು ಅಪ್ಪ. "ದಿಟ ಆಗಿದ್ರೆ?"

"ನೋಡಿ ಯಜಮಾನ್ರೇ, ಪ್ರಶ್ನೆ ಅದಲ್ಲ."

ಮಾತಿನ ಸ್ವಾತಂತ್ರ್ಯ ಕೊಡುವ ಸಂವಿಧಾನದ 19(1)(ಎ) ವಿಧಿ ನನಗೆ ಬಾಯಿಪಾಠ ಇತ್ತು. 19(2)ರಲ್ಲಿ ಮಾತಿಗೆ ಮಿತಿ ಹಾಕಲು ಇರುವ ಕಾರಣಗಳನ್ನೂ ಪರೀಕ್ಷೆಗೆ ಉರು ಹೊಡೆದಿದ್ದೆ: ದೇಶದ ಸಾರ್ವಭೌಮತೆ, ಭದ್ರತೆ, ಸಾರ್ವಜನಿಕ ಸುವ್ಯವಸ್ಥೆ, ನ್ಯಾಯಾಲಯ ನಿಂದನೆ, ಮಾನನಷ್ಟ, ಹೀಗೆ ಒಟ್ಟು ಎಂಟು. ಹಾಸ್ಟೆಲಿನ ಮರ್ಯಾದೆ ಅನ್ನುವುದು ಅಲ್ಲೆಲ್ಲೂ ಇಲ್ಲ. ಸರ್ಕಾರಿ ವಿಶ್ವವಿದ್ಯಾಲಯ ಅಂದರೆ ಈ ವಿಧಿ ನೇರವಾಗಿ ಅನ್ವಯವಾಗುವ ಜಾಗ. ಇದೆಲ್ಲ ಗೊತ್ತಿದ್ದೂ ನಾನು ಬಾಯಿ ಬಿಡಲಿಲ್ಲ. ಸೀಟು ಹೋದರೆ ಪೇಟೆಯಲ್ಲಿ ರೂಮಿನ ಬಾಡಿಗೆ ಎಷ್ಟು ಅನ್ನುವುದಷ್ಟೇ ತಲೆಯಲ್ಲಿತ್ತು. ಸಹಿ ಹಾಕಿದೆ. ಪ್ಯಾಡಿನ ನೇರಳೆ ಮಸಿಯಲ್ಲಿ ಅದ್ದಿದ ಹೆಬ್ಬೆಟ್ಟನ್ನು ಅಪ್ಪ ಗೆರೆಯ ಮೇಲೆ ಒತ್ತಿ, ಉಳಿದ ಮಸಿಯನ್ನು ತಲೆಗೂದಲಿಗೆ ಒರೆಸಿಕೊಂಡರು.

ಬಸ್‌ಸ್ಟ್ಯಾಂಡಿನಲ್ಲಿ ಟೀ ಕುಡಿದೆವು. ಬೈಯುತ್ತಾರೆ ಅಂತ ಕಾಯುತ್ತಿದ್ದೆ. ಬಸ್ಸು ಹತ್ತಿ, ಕಿಟಕಿ ಸರಿಸಿ, ಕೈಸನ್ನೆ ಮಾಡಿ ಹತ್ತಿರ ಕರೆದರು.

"ಅಲ್ಲಾ ಕಣ್ಲಾ, ಆ ನಾನೂರ ಎಪ್ಪತ್ತು ರೂಪಾಯಿ ಏನಾಯ್ತು ಅಂತ ಅವ್ರು ಹೇಳ್ಳೇ ಇಲ್ವಲ್ಲ?"