ಪಾಲು ಬಿಟ್ಟುಕೊಟ್ಟವನಲ್ಲ

ಶಿರಸಿ, 18 ಜೂನ್ 2024, ಮಂಗಳವಾರ

ಹಳೇ ಪಾಲುಪತ್ರದ ನಕಲು ಇವತ್ತು ಕೈಗೆ ಬಂತು. ಅಜ್ಜನ ಅಣ್ಣ ಒಬ್ಬನಿದ್ದ, ಹುಟ್ಟು ಕುರುಡ. ಮನೆಯಲ್ಲಿ ಎಲ್ಲರಿಗೂ ಅವನು ಬರೀ ಕುರುಡಜ್ಜ. ಮೆಟ್ಟುಗತ್ತಿ ಮೇಲೆ ಕೂತರೆ ಸರಸರ ಅಡಿಕೆ ಸುಲಿಯುತ್ತಿದ್ದನಂತೆ. ಸಿಪ್ಪೆ ಮುಟ್ಟಿಯೇ ಎಳೆಯದು, ಬಲಿತದ್ದು ಬೇರೆ ಮಾಡುತ್ತಿದ್ದ ಎನ್ನುತ್ತಾಳೆ ಅತ್ತೆ. ಅಪ್ಪಯ್ಯ ಹೆಮ್ಮೆಯಿಂದ ಹೇಳುವುದು ಬೇರೆ ಕತೆ: “ಯಂಗೆ ಪಾಲು ಬ್ಯಾಡ ಹೇಳಿ ಅಂವನೇ ಬಿಟ್ಟುಕೊಟ್ಟಿದ್ನಡ.”

ಹಳೇ ಪಹಣಿಯಲ್ಲಿ ಅವನಿಲ್ಲ. ವಾರಸುದಾರರ ಹೆಸರು ದಾಖಲಿಸುವ ವಾರಸಾ ಡೈರಿಯಲ್ಲೂ ಇಲ್ಲ. 1881ರಿಂದ 1931ರವರೆಗಿನ ಜನಗಣತಿಗಳಲ್ಲಿ ಕುರುಡರನ್ನು ಬೇರೆಯಾಗಿ ಎಣಿಸಿದ್ದಾರೆ. ಆಗ ನಮ್ಮ ಜಿಲ್ಲೆ ಮುಂಬೈ ಪ್ರಾಂತ್ಯದಲ್ಲಿತ್ತು. ಆ ಲೆಕ್ಕದಲ್ಲಿ ಅವನೂ ಒಬ್ಬ ಇರಬೇಕು, ಆದರೆ ಅಚ್ಚಾದ ವರದಿಯಲ್ಲಿರುವುದು ಬರೀ ಅಂಕಿ.

ಉಳಿದದ್ದು ಸಬ್ ರಿಜಿಸ್ಟ್ರಾರ್ ಆಫೀಸು. ನೋಂದಣಿಯಾದ ಜಮೀನು ಪತ್ರದ ನಕಲನ್ನು ಯಾರು ಬೇಕಾದರೂ ಕೇಳಬಹುದು. ಆದರೆ ಇಂಥವರನ್ನು ಅವರ ಹೆಸರಲ್ಲೇ ಹುಡುಕಿದರೆ ಸಿಗುವುದು ಕಷ್ಟ. ಬರೆದುಕೊಟ್ಟವರು ಅಣ್ಣತಮ್ಮಂದಿರು ಅಲ್ವಾ? ಅವರ ಹೆಸರು ಹಿಡಿದು ಹೋಗಬೇಕು.

ಪತ್ರದ ತುಂಬ ತೋಟ, ಗದ್ದೆ, ಬೆಟ್ಟ, ತಾಮ್ರದ ಹಂಡೆ. ಕೊಟ್ಟಿಗೆಯ ಎಮ್ಮೆಗೂ ಒಂದು ಸಾಲು. ಆಮೇಲೆ ಇವನು. ಹುಟ್ಟು ಕುರುಡನಾದ್ದರಿಂದ ಪಾಲಿಗೆ ಬಾಧ್ಯನಲ್ಲ, ಅನ್ನವಸ್ತ್ರ ಕೊಟ್ಟು ನೋಡಿಕೊಳ್ಳತಕ್ಕದ್ದು, ಆರಾರು ತಿಂಗಳು ಒಬ್ಬೊಬ್ಬರ ಮನೆಯಲ್ಲಿ. ಎಮ್ಮೆ ಯಾರ ಪಾಲಿಗೆ ಎಂದಾದರೂ ಬರೆದಿದ್ದಾರೆ. ಇವನಿಗೆ ಯಾವ ಕೋಣೆ ಎಂದು ಬರೆದಿಲ್ಲ. ಕೊನೆಯಲ್ಲಿ ರುಜು ಎಲ್ಲರದ್ದೂ ಇದೆ. ಇವನ ಹೆಬ್ಬೆಟ್ಟು ಕೂಡ ಇಲ್ಲ.

ಬಿಟ್ಟುಕೊಡುವುದಕ್ಕೆ ಅವನ ಹತ್ತಿರ ಏನಿತ್ತು? ಆಗಿನ ಹಿಂದೂ ಕಾನೂನಿನಲ್ಲಿ ಹುಟ್ಟು ಕುರುಡರಿಗೆ, ಹುಟ್ಟು ಕಿವುಡ-ಮೂಗರಿಗೆ ಪಾಲೇ ಇರಲಿಲ್ಲ, ಜೀವನಾಂಶ ಅಷ್ಟೇ. 1928ರಲ್ಲಿ ಕಾಯ್ದೆ ಬಂದು ಇದನ್ನು ತೆಗೆದುಹಾಕಿತು. ಹುಟ್ಟಿನಿಂದ ಬುದ್ಧಿಮಾಂದ್ಯತೆ ಅಥವಾ ಮಾನಸಿಕ ಕಾಯಿಲೆ ಇದ್ದವರನ್ನು ಮಾತ್ರ ಆಗಲೂ ಹೊರಗಿಟ್ಟರು. ಅದಕ್ಕೂ ಮೊದಲೇ ಆದ ಹಿಸ್ಸೆಗಳನ್ನು ಆ ಕಾಯ್ದೆ ಮುಟ್ಟಲಿಲ್ಲ. ನಮ್ಮದು ಅದಕ್ಕೂ ಹಿಂದಿನದು.

ಅಜ್ಜನ ಮೇಲೆ ಸಿಟ್ಟೇನೂ ಇಲ್ಲ, ಕಾನೂನು ಇದ್ದ ಹಾಗೆ ಬರೆಸಿದ್ದಾನೆ. ಸಿಟ್ಟು ಬರುವುದು ಆ ಹೆಮ್ಮೆಯ ಕತೆ ಮೇಲೆ. ಕಸಿದುಕೊಂಡದ್ದನ್ನು ಅವನೇ ಕೊಟ್ಟ ಎಂದು ಹೇಳಿಕೊಂಡರೆ ನಮಗೆ ಸುಲಭ, ನೋಡಿ.

ಅಪ್ಪಯ್ಯನಿಗೆ ರಾತ್ರಿ ಓದಿ ಹೇಳಿದೆ. “ಅನ್ನವಸ್ತ್ರವಾದ್ರೂ ಸರಿಯಾಗಿ ಕೊಟ್ಟಿದ್ವಾ?” ಎಂದು ಕೇಳಿದ. ಅಜ್ಜನ ಖರ್ಚಿನ ಲೆಕ್ಕದ ಪುಸ್ತಕಗಳು ಅತ್ತೆಮನೆ ಅಟ್ಟದಲ್ಲಿವೆ. ಭಾನುವಾರ ಇಳಿಸಿ ಪಂಚೆಯ ಖರ್ಚು ಬರೆದಿದ್ದಾನಾ ನೋಡಬೇಕು.