ವೆನಿಸ್ಸಿಗೊಂದು ಡಚ್ ಹೆಸರು

ಕಳೆದ ಚಳಿಗಾಲದ ಒಂದು ಮಧ್ಯಾಹ್ನ, ಜಪಾನಿನ ಮರದಚ್ಚು ಚಿತ್ರಗಳ ಪ್ರದರ್ಶನದಲ್ಲಿ, ಉತಗಾವಾ ತೊಯೊಹಾರು ಅವರ ಒಂದು ಚಿತ್ರದೆದುರು ನಾನೂ ಮಗಳೂ ಬಹಳ ಹೊತ್ತು ನಿಂತಿದ್ದೆವು. ನಡುವೆ ಅಗಲವಾದ ಕಾಲುವೆ, ಇಕ್ಕೆಲಗಳಲ್ಲಿ ದೂರ ಸರಿದಂತೆಲ್ಲ ಕಿರಿದಾಗುವ ಮಹಲುಗಳ ಸಾಲು, ನೀರಿನ ಮೇಲೆ ದೋಣಿಗಳು. "ಅಪ್ಪಾ, ಇದು ವೆನಿಸ್ ಅಲ್ವಾ?" ಎಂದಳು. ಪಕ್ಕದ ಫಲಕದಲ್ಲಿ ಮಾತ್ರ, ಹತ್ತು ಸಾವಿರ ಹರದಾರಿ ದೂರ ಕೇಳಿಸುವ ಗಂಟೆಯುಳ್ಳ ಡಚ್ ಬಂದರು ಎಂಬರ್ಥದ ಶೀರ್ಷಿಕೆಯಿತ್ತು.

ಮಗಳು ಹೇಳಿದ್ದೇ ಸರಿ. ಕನಲೆಟ್ಟೊ ಬಿಡಿಸಿದ ವೆನಿಸ್ಸಿನ ಮಹಾಕಾಲುವೆಯ ದೃಶ್ಯವನ್ನು ಅಂತೋನಿಯೊ ವಿಸೆಂಟಿನಿ ತಾಮ್ರದ ತಗಡಿನಲ್ಲಿ ಕೊರೆದಿದ್ದರು; ಆ ಅಚ್ಚುಚಿತ್ರವೇ 18ನೇ ಶತಮಾನದ ಉತ್ತರಾರ್ಧದಲ್ಲಿ ಎಡೊ ನಗರದ (ಇಂದಿನ ಟೋಕಿಯೊ) ಈ ಕಲಾವಿದರಿಗೆ ಮಾದರಿಯಾಯಿತು. ಆಗ ಜಪಾನೀಯರು ಹೊರದೇಶಕ್ಕೆ ಹೋಗುವಂತಿರಲಿಲ್ಲ. ಯುರೋಪಿಯನ್ನರ ಪೈಕಿ ನಾಗಸಾಕಿಯ ದೆಜಿಮಾ ನಡುಗಡ್ಡೆಯಲ್ಲಿ ವ್ಯಾಪಾರಕ್ಕೆ ಅವಕಾಶವಿದ್ದದ್ದು ಡಚ್ಚರಿಗೆ ಮಾತ್ರ. ಪಶ್ಚಿಮದಿಂದ ಬಂದ ಚಿತ್ರಕ್ಕೆ ಡಚ್ ಹೆಸರು ಅಂಟಿಕೊಂಡದ್ದನ್ನು ಅಜ್ಞಾನವೆಂದು ತಳ್ಳಿಹಾಕಲು ನನಗೆ ಮನಸ್ಸು ಬರುವುದಿಲ್ಲ.

ಏಕೆಂದರೆ ಆ ಗೆರೆಗಳನ್ನು ನಾನು ಹತ್ತಿರದಿಂದ ನೋಡಿದ್ದೇನೆ. ತಾಮ್ರದಲ್ಲಿ ಗೆರೆ ಕೊರೆದರೆ ಆ ಕೊರಕಲಿನಲ್ಲೇ ಮಸಿ ನಿಲ್ಲುತ್ತದೆ. ಮರದಚ್ಚಿನಲ್ಲಾದರೆ ಗೆರೆಯ ಎರಡೂ ಬದಿಯ ಮರವನ್ನು ಕೆತ್ತಿ ತೆಗೆದು, ಗೆರೆಯನ್ನು ಸಣ್ಣ ಏಣಿನಂತೆ ಉಳಿಸಿಕೊಳ್ಳಬೇಕು. ಕಾಲೇಜಿನ ದಿನಗಳಲ್ಲಿ ಲಿನೋ ಎಂಬ ಮೆತ್ತನೆಯ ಅಚ್ಚುಹಾಳೆಯ ಮೇಲೆ ಒಂದೇ ಒಂದು ಕಿಟಕಿ ಕೆತ್ತಲು ಕೂತು, ಉಳಿಯಬೇಕಾದ ಗೆರೆಯೇ ಉಳಿಯ ತುದಿಗೆ ಸಿಕ್ಕಿ ಹಾರಿಹೋದದ್ದು ಇಂದಿಗೂ ನೆನಪಿದೆ. ಇಲ್ಲಿ ಸಾಲುಸಾಲು ಕಿಟಕಿಗಳಿದ್ದವು; ದೂರದವು ಅಕ್ಕಿಕಾಳಿನಷ್ಟು ಚಿಕ್ಕವಾದರೂ ಅಂಚು ಮುಕ್ಕಾಗಿರಲಿಲ್ಲ. ಎಂದೂ ಕಾಣದ ಊರೊಂದರ ಕಿಟಕಿಗಳಿಗಾಗಿ ಹೆಸರು ತಿಳಿಯದ ಕೆತ್ತನೆಗಾರನೊಬ್ಬ ಪಟ್ಟ ಶ್ರಮ ಅದು.

ಜಪಾನಿನ ಯೋಕೊಹಾಮಾ ಬಂದರು 1859ರಲ್ಲಿ ವಿದೇಶೀಯರಿಗೆ ತೆರೆದ ಮೇಲಿನ ಚಿತ್ರಗಳು ಮುಂದಿನ ಕೋಣೆಯಲ್ಲಿದ್ದವು. ಲಂಡನ್ ಬಂದರನ್ನು 1862ರಲ್ಲಿ ಚಿತ್ರಿಸಿದ ಯೋಶಿತೋರಾ ಕೂಡ ಆ ಊರನ್ನು ಕಂಡವರಲ್ಲ. ಈ ಕೋಣೆಯ ಚಿತ್ರಗಳ ಬಣ್ಣ ಹೆಚ್ಚು ಗಾಢ, ಜನಸಂದಣಿಯೂ ಹೆಚ್ಚು. ಆದರೂ ನನ್ನ ಮನಸ್ಸು ಹಿಂದಿನ ಕೋಣೆಯಲ್ಲೇ ಉಳಿದಿತ್ತು.

"ಅದು ವೆನಿಸ್ ಅಂತ ಅವರಿಗೆ ಆಮೇಲಾದರೂ ಗೊತ್ತಾಯ್ತಾ?" ಎಂದು ಮಗಳು ಕೇಳಿದಳು. ತೊಯೊಹಾರು ತೀರಿಕೊಂಡದ್ದು 1814ರಲ್ಲಿ, ಜಪಾನೀಯರಿಗೆ ಹೊರದೇಶಕ್ಕೆ ಹೋಗಲು ಅನುಮತಿ ದೊರೆತದ್ದು 1866ರಲ್ಲಿ ಎಂದು ಹೇಳಿದೆ. ಅವಳು ಏನೂ ಅನ್ನದೆ ನನ್ನ ಕೈಹಿಡಿದು ಮತ್ತೆ ಆ ಕಾಲುವೆಯ ಮುಂದಕ್ಕೆ ಕರೆದೊಯ್ದಳು.